ಮಾರುಹುಳದ ಸದ್ದು

ಕರಡಿಬಾರೆ ಘಾಟಿಯ ಗುಡ್ಡ ನಿಗಾ ಕೇಂದ್ರದಲ್ಲಿ ಗ್ರೇಸಿ ಲೋಬೋ ಅವರಿಗೆ ಒಂದು ಕುರ್ಚಿ ಇತ್ತು, ಸಂಬಳ ಇರಲಿಲ್ಲ. ಮಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಘಾಟಿಯ ಬುಡದ ಊರಿನಲ್ಲಿ ಒಂದು ಕೋಣೆ ಹಿಡಿದು ನೆಲೆಸಿದ್ದರು. ಅದಕ್ಕೆ ಕಾರಣ ಒಂದು ಎರೆಹುಳ.

ತೋಟದ ಗೊಬ್ಬರಗುಂಡಿಯಲ್ಲಿ ಕಾಣುವ ಎರೆಹುಳವಲ್ಲ. ಹೆಬ್ಬೆರಳಿನಷ್ಟು ದಪ್ಪ, ಎರಡು ಕೈ ಚಾಚಿದರೆ ಈ ತುದಿಯಿಂದ ಆ ತುದಿಯವರೆಗೆ ಬರುವಷ್ಟು ಉದ್ದ. ಊರವರು ಅದನ್ನು ಮಾರುಹುಳ ಎನ್ನುತ್ತಿದ್ದರು. ಕರಡಿಬಾರೆಯ ಒಂದೇ ಒಂದು ದಿಣ್ಣೆಯಲ್ಲಿ, ಆಳದ ಒದ್ದೆ ಜೇಡಿಮಣ್ಣಿನಲ್ಲಿ ಅವು ಬಿಲ ಮಾಡಿಕೊಂಡಿದ್ದವು. ಮೇಲಕ್ಕೆ ಬರುತ್ತಲೇ ಇರಲಿಲ್ಲ. ವರ್ಷಕ್ಕೊಂದು ಮೊಟ್ಟೆಚೀಲ ಇಡುತ್ತವೆ, ಅದರಿಂದ ಮರಿ ಹೊರಬರಲು ಇನ್ನೊಂದು ವರ್ಷ ಬೇಕು ಎಂದು ಕಂಡುಕೊಂಡವರು ಗ್ರೇಸಿ ಲೋಬೋ ಅವರೇ. ಒಮ್ಮೆ ಕೆಲವನ್ನು ಮಣ್ಣಿನ ಹೆಂಟೆ ಸಮೇತ ತೆಗೆದು ಪಕ್ಕದ ಗುಡ್ಡಕ್ಕೆ ಸಾಗಿಸಿ ನೋಡಿದ್ದರು. ಒಂದೂ ಉಳಿಯಲಿಲ್ಲ. ಅಂಥ ದೊಡ್ಡ ದೇಹ ಎಷ್ಟು ಮೆದುವೆಂದರೆ, ಬಿಲದಿಂದ ಸ್ವಲ್ಪ ಜೋರಾಗಿ ಎಳೆದರೂ ತುಂಡಾಗಿಬಿಡುತ್ತಿತ್ತು. ಆಮೇಲೆ ಅವರು ಅವನ್ನು ಮುಟ್ಟುವುದನ್ನೇ ಬಿಟ್ಟು, ಕೇಳುವುದಕ್ಕೆ ತೊಡಗಿದರು.

ಕೇಳಲು ಸಾಧ್ಯವಾದದ್ದು ನಿಗಾ ಕೇಂದ್ರದಿಂದ. ಘಾಟಿಗಳು ಮೇಲಿಂದ ಮೇಲೆ ಕುಸಿಯತೊಡಗಿದ ಮೇಲೆ ಸರಕಾರ ರಸ್ತೆಯ ಉದ್ದಕ್ಕೂ ಗುಡ್ಡದೊಳಗೆ ಗಾಜಿನ ಎಳೆಯ ಕೇಬಲ್ಲು ಹೂಳಿಸಿತ್ತು. ಅದರೊಳಗೆ ಸದಾ ಬೆಳಕು ಹಾಯುತ್ತಿರುತ್ತದೆ. ನೆಲ ಎಲ್ಲಿಯಾದರೂ ಕೂದಲೆಳೆಯಷ್ಟು ಅಲುಗಿದರೂ ಆ ಜಾಗದಲ್ಲಿ ಬೆಳಕು ಚೂರು ಕದಡಿ ಹಿಂದಿರುಗುತ್ತದೆ. ಕಂಪ್ಯೂಟರು ಅದನ್ನು ಸದ್ದಾಗಿ ಬದಲಿಸಿ ಕೇಳಿಸುತ್ತದೆ. ಗುಡ್ಡ ಜಾರುವ ಮೊದಲು ಒಳಗೆ ಮಣ್ಣು ನುಲಿಯುವ ಸದ್ದನ್ನು ಹಿಡಿಯುವುದಕ್ಕಾಗಿ ಮಾಡಿದ ಏರ್ಪಾಡು ಅದು. ಎಲ್ಲರೂ ಅದನ್ನು ನೆಲಗಿವಿ ಎಂದು ಕರೆಯುತ್ತಿದ್ದರು.

ಕೇಂದ್ರದ ಎಂಜಿನಿಯರ್ ಫರ್ಹಾನಾಗೆ ಆ ದಿಣ್ಣೆಯ ಕಡೆಯಿಂದ ಬರುತ್ತಿದ್ದ ಒಂದು ಸದ್ದು ಅರ್ಥವಾಗಿರಲಿಲ್ಲ. ಬಚ್ಚಲಿನಲ್ಲಿ ನೀರು ಇಳಿದುಹೋಗುವಾಗ ಕೊನೆಗೆ ಬರುವ ಗೊಳಗೊಳದಂತೆ ಇತ್ತದು. ವಿಚಾರಿಸುತ್ತ ವಿಚಾರಿಸುತ್ತ ಗ್ರೇಸಿ ಲೋಬೋ ಅವರವರೆಗೆ ಬಂದಳು. ಅವರು ಇಯರ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ, "ಅವೇ ಮಾರಾಯ್ತಿ. ನೀರು ತುಂಬಿದ ಬಿಲದೊಳಗೆ ಹುಳ ಹಿಂದೆಮುಂದೆ ಹೋಗುದು" ಎಂದವರು ಆ ದಿನವೆಲ್ಲ ಅಲ್ಲಿಂದ ಏಳಲಿಲ್ಲ. ಅಂದಿನಿಂದ ಆ ಕುರ್ಚಿ ಅವರದಾಯಿತು.

ಅವರು ಇದ್ದ ಕೋಣೆ ಈರೇಗೌಡನ ಮನೆಯದು. ಈರೇಗೌಡ ಲಾರಿ ಓಡಿಸುತ್ತಿದ್ದ. ಅವನ ಹೆಂಡತಿ ನಾಗವೇಣಿ ಘಾಟಿಯ ನಡುವಿನ ತಿರುವಿನಲ್ಲಿ, ದಿಣ್ಣೆಗೆ ಒತ್ತಿಕೊಂಡಂತೆ ಇದ್ದ ಹಳೆಯ ಕಲ್ಲುಕಟ್ಟಡದಲ್ಲಿ ಕ್ಯಾಂಟೀನು ನಡೆಸುತ್ತಿದ್ದಳು. ಬೆಳಿಗ್ಗೆ ಕ್ಯಾಂಟೀನಿಗೆ ಹೊರಡುವಾಗ ಗ್ರೇಸಿ ಅವರ ಬಾಗಿಲಲ್ಲಿ ನಿಂತು, "ಏನಂತಾವೆ ಮೇಡಂ ನಿಮ್ ಹುಳ? ನಂಗೊಂದಿನಾನೂ ಮಾತಾಡ್ಸಿಲ್ಲ ನೋಡಿ. ಅದ್ರ ತಲೆ ಮೇಲೇ ಕೂತು ಹತ್ತು ವರ್ಷದಿಂದ ದೋಸೆ ಹುಯ್ತಿದೀನಿ" ಎಂದು ನಗುತ್ತಿದ್ದಳು. ಹುಳ ಸದ್ದು ಮಾಡುತ್ತದೆ ಎಂಬುದನ್ನು ಅವಳು ನಂಬಿರಲಿಲ್ಲ. ಮೇಡಂಗೆ ವಯಸ್ಸಾಯಿತು, ಯಂತ್ರದೊಳಗೆ ಏನೋ ಕೇಳಿಸಿಕೊಂಡು ಖುಷಿಪಡುತ್ತಾರೆ, ಪಡಲಿ ಎಂದುಕೊಂಡಿದ್ದಳು.

ಆ ವರ್ಷ ಆಷಾಢದ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಬೆಳಿಗ್ಗೆ ನೆಲಗಿವಿ ಮಣ್ಣು ನುಲಿಯುವ ಸದ್ದು ಹಿಡಿಯಿತು. ಸೈರನ್ ಕೂಗಿತು. ಲಾರಿಗಳು ಕೆಳಗೂ ಮೇಲೂ ನಿಂತವು. ಕ್ಯಾಂಟೀನಿನಲ್ಲಿ ತಿಂಡಿ ತಿನ್ನುತ್ತಿದ್ದವರು ಎದ್ದು ರಸ್ತೆಗುಂಟ ಓಡಿದರು. ನಾಗವೇಣಿಯೂ ಅವರ ಜೊತೆ ಹೊರಗೆ ಬಂದಿದ್ದಳು. ಆದರೆ ಹಿತ್ತಲಿನ ನಲ್ಲಿಯ ಹತ್ತಿರ ಇಬ್ಬರು ಡ್ರೈವರುಗಳು ಸ್ನಾನ ಮಾಡುತ್ತಿದ್ದದ್ದು ನೆನಪಾಗಿ, "ಅಯ್ಯೋ, ಅವ್ರಿಗೆ ಕೇಳ್ಸಿಲ್ವೇನೋ" ಎಂದು ಹಿಂದಿರುಗಿದಳು. ಅವಳು ಒಳಗೆ ಹೋದದ್ದನ್ನು ಕಂಡವರಿದ್ದರು. ಹೊರಗೆ ಬಂದದ್ದನ್ನು ಕಂಡವರಿಲ್ಲ. ಗುಡ್ಡದ ಬಲಮಗ್ಗುಲು ಇಡಿಯಾಗಿ ಇಳಿದು ಕ್ಯಾಂಟೀನಿನ ಮೇಲೆ ಕೂತಿತು. ಎಡಕ್ಕಿದ್ದ ಮಾರುಹುಳದ ದಿಣ್ಣೆ ಮಾತ್ರ ಹಾಗೇ ನಿಂತಿತ್ತು.

ಮಧ್ಯಾಹ್ನದೊಳಗೆ ರಕ್ಷಣಾ ಪಡೆ ಬಂತು. ಅದರ ಮುಖ್ಯಸ್ಥ ದೇವಯ್ಯ ಮಿತಮಾತಿನ ಮನುಷ್ಯ. ಕೆಸರನ್ನು ಕಂಡಕೂಡಲೇ ಅವರ ಮುಖ ಗಂಭೀರವಾಯಿತು. ಎರಡು ಆಳು ಎತ್ತರದ ಕೆಸರು, ನಡುನಡುವೆ ಬಂಡೆ, ಮರ. ಕ್ಯಾಂಟೀನು ಇದ್ದ ಜಾಗದಲ್ಲೇ ಇದೆಯೋ ತಳ್ಳಿಕೊಂಡು ಹೋಗಿದೆಯೋ ತಿಳಿಯುವಂತಿರಲಿಲ್ಲ. ಎಲ್ಲೆಂದರಲ್ಲಿ ಜೆಸಿಬಿ ಇಳಿಸಿದರೆ ಮೇಲಿನ ಮಣ್ಣು ಮತ್ತೆ ಜಾರುತ್ತದೆ. ಅಗೆಯುವುದಾದರೆ ಒಂದೇ ಕಡೆ, ಸರಿಯಾದ ಕಡೆ ಅಗೆಯಬೇಕು.

"ಬದುಕಿರೋರು ಇದ್ರೆ ಬಡೀತಾರೆ," ದೇವಯ್ಯ ನಿಗಾ ಕೇಂದ್ರಕ್ಕೆ ಬಂದು ಹೇಳಿದರು. "ನಿಮ್ಮ ಯಂತ್ರಕ್ಕೆ ಅದು ಕೇಳಿಸುತ್ತಾ?"

ಕುಸಿದ ಮಗ್ಗುಲಿನ ಕೇಬಲ್ಲು ತುಂಡಾಗಿತ್ತು. ಕೆಸರಿನ ಮೇಲೆ ಇಟ್ಟ ಉಪಕರಣಗಳಿಗೆ ಏನೂ ಕೇಳುತ್ತಿರಲಿಲ್ಲ, ಕೆಸರು ಸದ್ದನ್ನು ನುಂಗುತ್ತದೆ. ಆದರೆ ಕ್ಯಾಂಟೀನಿನ ಅಡಿಪಾಯ ಕೂತಿದ್ದ ಹಾಸುಬಂಡೆ ಎಡಕ್ಕೆ ದಿಣ್ಣೆಯ ಕೆಳಗಿನವರೆಗೂ ಚಾಚಿತ್ತು. ದಿಣ್ಣೆಯೊಳಗಿನ ಕೇಬಲ್ಲು ಸರಿಯಾಗಿತ್ತು. ಯಾರಾದರೂ ಆ ಗೋಡೆಗೆ ಬಡಿದರೆ ಬಂಡೆಯ ಮೂಲಕ ಅದು ದಿಣ್ಣೆಗೆ ಬರಬೇಕು. ಎಲ್ಲಿಂದ ಬಂತು ಎಂದೂ ಲೆಕ್ಕ ಹಾಕಬಹುದು. ಫರ್ಹಾನಾ ಹೀಗೆಂದು ವಿವರಿಸಿದಳು. ದೇವಯ್ಯ ಕೂಡಲೇ ಎಲ್ಲ ಯಂತ್ರ ನಿಲ್ಲಿಸಿದರು. ಜನರೇಟರು ಆರಿಸಿದರು. ಘಾಟಿಯ ಎರಡೂ ಬದಿಯಲ್ಲಿ ಕಾಯುತ್ತಿದ್ದ ಜನರನ್ನು ದೂರ ಕಳಿಸಿದರು. ಹರಿಯುತ್ತಿದ್ದ ತೊರೆಯನ್ನು ಮರಳುಚೀಲ ಹಾಕಿ ತಿರುಗಿಸಿದರು.

ಆಗ ಉಳಿದದ್ದು ಒಂದೇ ಸದ್ದು. ಕುಸಿತದ ಅದುರಾಟಕ್ಕೆ ಬೆದರಿದ ಮಾರುಹುಳಗಳು ದಿಣ್ಣೆಯ ಉದ್ದಗಲಕ್ಕೂ ಬಿಲಗಳಲ್ಲಿ ಓಡಾಡುತ್ತಿದ್ದವು. ಕೋಣೆಯ ಸ್ಪೀಕರಿನಲ್ಲಿ ಆ ಗೊಳಗೊಳ ಬಿಟ್ಟರೆ ಬೇರೇನೂ ಇರಲಿಲ್ಲ. ಇಷ್ಟು ಹುಳಗಳಿವೆ ಎಂದು ಗ್ರೇಸಿ ಅವರಿಗೇ ತಿಳಿದಿರಲಿಲ್ಲ.

ಫರ್ಹಾನಾ ಸಂಜೆಯವರೆಗೆ ಒದ್ದಾಡಿದಳು. ಹುಳದ ಸದ್ದನ್ನು ಕಂಪ್ಯೂಟರಿನಿಂದ ಸೋಸಿ ತೆಗೆಯಲು ನೋಡಿದಳು. ಮಣ್ಣಿನಲ್ಲಿ ಹಾದುಬರುವ ಬಡಿತವೂ ಅದೇ ಥರ ಮಂದವಾಗಿರುತ್ತದೆ, ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಕೊನೆಗೆ ಕೀಲಿಮಣೆಯಿಂದ ಕೈ ತೆಗೆದು, ಗ್ರೇಸಿ ಅವರ ಕಡೆ ನೋಡದೆ ಹೇಳಿದಳು: "ಮೇಡಂ, ನಡುವೆ ಒಂದೆರಡು ಸಲ ಬಡಿತದ ಹಾಗೆ ಏನೋ ಇದೆ. ಖಾತ್ರಿ ಇಲ್ಲ. ಈ ಸದ್ದು ಇರೋ ತನಕ ಖಾತ್ರಿಯಾಗೋದೂ ಇಲ್ಲ."

"ಅವು ತಾವಾಗಿ ಸುಮ್ಮನಾಗಲ್ವಾ?" ದೇವಯ್ಯ ಕೇಳಿದರು.

"ಆಗ್ತವೆ. ವಾರ ಬೇಕು," ಎಂದರು ಗ್ರೇಸಿ.

"ನಾವು ಸುಮ್ಮನಾಗಿಸಬಹುದಾ?"

ಉತ್ತರ ಗೊತ್ತಿದ್ದವರು ಆ ಕೋಣೆಯಲ್ಲಿ ಗ್ರೇಸಿ ಒಬ್ಬರೇ. ಗೊತ್ತಿಲ್ಲ ಎಂದುಬಿಟ್ಟರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ.

"ಕರೆಂಟು ಕೊಡಬೇಕು," ಎಂದರು. "ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು ಒಂದರಿಂದ ಒಂದಕ್ಕೆ ಕರೆಂಟು ಹಾಯಿಸುದು. ಹುಳ ಎಣಿಸ್ಲಿಕ್ಕೆ ಸಣ್ಣದಾಗಿ ಹಾಗೆ ಮಾಡುದುಂಟು. ಇಲ್ಲಿ ಹಾಗೆ ಮಾಡಿ ಒಮ್ಮೆ ಮೂರು ಹುಳ ಕಳಕೊಂಡೆ. ಇವುಗಳ ಮೈ ತಡೆಯುದಿಲ್ಲ. ಸೆಳೆತ ಬಂದು ಒಳಗೇ ತುಂಡಾಗ್ತವೆ."

"ಕ್ಯಾಂಟೀನಿನ ಕಡೆ ಕರೆಂಟು ಹೋಗಲ್ವಾ?" ಎಂದರು ದೇವಯ್ಯ.

"ಹೋಗುದಿಲ್ಲ, ಸಲಾಕೆ ಹತ್ತಿರ ಹತ್ತಿರ ಇಟ್ಟರೆ ಅವುಗಳ ನಡುವೆಯೇ ಇರ್ತದೆ. ಆದರೆ ಕ್ಯಾಂಟೀನಿಗೆ ದಿಣ್ಣೆಯಿಂದ ನೀರಿನ ಪೈಪು ಉಂಟು. ಕಬ್ಬಿಣದ್ದಾದರೆ ಮಾಡ್ಲಿಕ್ಕೆ ಆಗುದಿಲ್ಲ."

ಹೊರಗೆ ಮಳೆಯಲ್ಲಿ ನಿಂತಿದ್ದ ಈರೇಗೌಡನನ್ನು ಕರೆಸಿ ಕೇಳಿದರು. "ಪ್ಲಾಸ್ಟಿಕ್ಕು, ಕಪ್ಪುಪೈಪು. ನಾನೇ ಎಳ್ದಿದ್ದು. ಯಾಕೆ ಸಾರ್?" ಎಂದ ಅವನು. ಅವನ ಕಣ್ಣು ಗ್ರೇಸಿ ಅವರ ಮೇಲೇ ನಿಂತಿತ್ತು.

"ಹುಳ ಒಟ್ಟು ಎಷ್ಟು ಹೋಗಬಹುದು?" ದೇವಯ್ಯ ಕೊನೆಗೆ ಕೇಳಿದರು.

"ಎಲ್ಲ. ಬೇರೆ ಕಡೆ ಅವು ಇಲ್ಲ."

"ಅಷ್ಟು ಮಾಡಿದ ಮೇಲೂ ಕೆಳಗೆ ಯಾರೂ ಇಲ್ಲದೇ ಇರಬಹುದು ಮೇಡಂ. ಅದನ್ನೂ ಹೇಳಿಬಿಡ್ತೀನಿ. ಇದನ್ನ ನಾನು ಆದೇಶ ಅಂತ ಕೊಡೋಕೆ ಆಗಲ್ಲ."

"ನೀವು ಕೊಡುದು ಬೇಡ," ಗ್ರೇಸಿ ಎದ್ದರು. "ಸಲಾಕೆ ನನ್ನ ಕೋಣೆಯಲ್ಲಿ ಉಂಟು. ಒಂದು ಜೀಪು ಕೊಡಿ."

ಮನೆಯಲ್ಲಿ ಈರೇಗೌಡನ ತಾಯಿ ಸಣ್ಣಮ್ಮ ಜಗುಲಿಯ ಮೇಲೆ ಕೂತಿದ್ದರು. ಅಕ್ಕಪಕ್ಕದ ಹೆಂಗಸರು ತಂದಿಟ್ಟ ಊಟ ಮುಚ್ಚಿದಂತೆಯೇ ಇತ್ತು. ಗ್ರೇಸಿ ಅವರನ್ನು ಕಂಡು ಮುದುಕಿ ಗೋಡೆ ಹಿಡಿದು ಎದ್ದರು.

"ಕೇಳುಸ್ತಾ ಮೇಡಮ್ಮಾರೆ? ನಿಮ್ ಮಿಶಿನ್ನಿಗೆ ನಮ್ ವೇಣಿ ಸದ್ದು ಕೇಳುಸ್ತಾ?"

"ಇಲ್ಲ ಸಣ್ಣಮ್ಮ. ಹುಳಗಳ ಸದ್ದು ಅಡ್ಡ ಬರ್ತಾ ಉಂಟು."

ಗ್ರೇಸಿ ಒಳಗೆ ಹೋಗಿ ಮಂಚದ ಕೆಳಗಿನಿಂದ ಸಲಾಕೆಗಳ ಕಟ್ಟನ್ನು ಎಳೆದರು. ಅದು ಭಾರವಿತ್ತು. ಸಣ್ಣಮ್ಮ ಬಾಗಿಲಿಗೆ ಬಂದು ನಿಂತು, ಅದು ಯಾತಕ್ಕೆ ಎಂದು ಕೇಳಿದರು. ಗ್ರೇಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಎಲ್ಲಾನೂ ಸಾಯ್ತಾವಾ?"

"ಹೌದು."

"ಮರಿಗಿರಿ ಇರ್ತಾವಾ ಅವಕ್ಕೆ?"

"ಇರ್ತವೆ. ಈಗ ಮರಿ ಬರುವ ಹೊತ್ತೇ."

ಸಣ್ಣಮ್ಮ ಒಳಗೆ ಬಂದು ಕಟ್ಟಿನ ಇನ್ನೊಂದು ತುದಿಗೆ ಕೈಹಾಕಿದರು. ಇಬ್ಬರೂ ಹೆಜ್ಜೆಗೊಮ್ಮೆ ನಿಂತು ಅದನ್ನು ಜೀಪಿನವರೆಗೆ ಹೊತ್ತರು. ಜೀಪು ಹೊರಡುವಾಗ ಮುದುಕಿ ಕಿಟಕಿಯಿಂದ ಗ್ರೇಸಿ ಅವರ ಕೈಯನ್ನು ಒಮ್ಮೆ ಒತ್ತಿದರು, ಕೆಸರಾಗಿದ್ದ ಕೈ.

ಬೆಳಕಿದ್ದಾಗಲೇ ಸಲಾಕೆಗಳನ್ನು ಹೊಡೆದರು. ಎಲ್ಲೆಲ್ಲಿ ಹೊಡೆಯಬೇಕು ಎಂದು ಗ್ರೇಸಿಯೇ ತೋರಿಸಿದರು. ದಿಣ್ಣೆಯ ಕೆಳಗೆ ಯಾವ ಬಿಲ ಎತ್ತ ಹೋಗುತ್ತದೆ ಎಂಬುದು ಅವರಿಗೆ ತಮ್ಮ ಮನೆಯ ಕೋಣೆಗಳಷ್ಟೇ ಪರಿಚಯ. ಆ ಪರಿಚಯ ಇಂಥ ಕೆಲಸಕ್ಕೆ ಬಂತಲ್ಲ ಎಂದುಕೊಳ್ಳುತ್ತಲೇ ಮುಂದಿನ ಜಾಗ ತೋರಿಸಿದರು. ದಿಣ್ಣೆಯ ಎದುರಿಗೇ ಇದ್ದ ಕೇಂದ್ರದ ಸೌರಫಲಕಗಳ ಬ್ಯಾಟರಿಯಿಂದ ತಂತಿ ಎಳೆದು, ಸ್ವಿಚ್ಚನ್ನು ಕೇಂದ್ರದ ಕೋಣೆಯಲ್ಲೇ ಇಟ್ಟರು. ಸ್ವಿಚ್ಚು ಯಾರು ಹಾಕಬೇಕು ಎಂಬ ಮಾತು ಬಂದಾಗ ದೇವಯ್ಯ ಮುಂದೆ ಬಂದರು. ಗ್ರೇಸಿ ದೇವಯ್ಯನವರನ್ನು ಪಕ್ಕಕ್ಕೆ ಸರಿಸಿ ತಾವೇ ಹಾಕಿದರು.

ಸ್ಪೀಕರಿನಲ್ಲಿ ಗೊಳಗೊಳ ಒಮ್ಮೆಲೇ ಏರಿತು. ಫರ್ಹಾನಾ ಕಿವಿ ಮುಚ್ಚಿಕೊಂಡಳು. ದಿಣ್ಣೆಯ ಹುಲ್ಲಿನ ನಡುವೆ ಅಲ್ಲಲ್ಲಿ ಮಣ್ಣು ಉಬ್ಬಿ ಸೀಳಿತು. ಎಂದೂ ಮೇಲಕ್ಕೆ ಬಾರದ ಹುಳಗಳು ಮಳೆಗೆ ಬಂದವು, ನೀಲಿಗಪ್ಪು ಮೈ ನುಲಿಯುತ್ತ, ಅರ್ಧ ಒಳಗೆ ಅರ್ಧ ಹೊರಗೆ. ಸಲಾಕೆ ಹೊಡೆದು ಅಂಚಿನಲ್ಲಿ ನಿಂತಿದ್ದ ಪಡೆಯ ಗಟ್ಟಿಮುಟ್ಟಾದ ಹುಡುಗರು ಹಿಂದಕ್ಕೆ ಸರಿದರು. ಆಮೇಲೆ ಸದ್ದು ತೆಳುವಾಗುತ್ತ ಬಂತು. ಆ ಮೂಲೆಯಲ್ಲೊಂದು, ಈ ಮೂಲೆಯಲ್ಲೊಂದು. ಆಮೇಲೆ ಅದೂ ಇಲ್ಲ.

ಗ್ರೇಸಿ ಸ್ವಿಚ್ಚು ಆರಿಸಿದರು.

ಗುಡ್ಡ ಅಷ್ಟು ಮೌನವಾಗಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಫರ್ಹಾನಾ ಇಯರ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಳು. ಪರದೆಯ ಮೇಲೆ ಗೆರೆ ನೆಟ್ಟಗೆ ಹರಿಯುತ್ತಿತ್ತು. ಈರೇಗೌಡ ಬಾಗಿಲಲ್ಲಿ ನಿಂತಿದ್ದ. ದೇವಯ್ಯ ಗಡಿಯಾರ ನೋಡುವುದನ್ನು ನಿಲ್ಲಿಸಿದ್ದರು. ಗೆರೆ ಅಲುಗಲಿಲ್ಲ. ಅಲುಗಲಿಲ್ಲ. ಗ್ರೇಸಿ ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡರು. ಹುಳವೂ ಹೋಯಿತು, ನಾಗವೇಣಿಯೂ ಹೋದಳು ಎಂದುಕೊಂಡರು.

ಆಗ ಫರ್ಹಾನಾ ಕೈ ಎತ್ತಿದಳು.

ಟಕ್. ಸ್ವಲ್ಪ ಬಿಟ್ಟು, ಟಕ್ ಟಕ್. ಅವಳು ಸ್ಪೀಕರು ಜೋರು ಮಾಡಿದಳು. ಕಲ್ಲಿಗೆ ಕಲ್ಲು ತಾಕುವ ಸದ್ದು. ನಿಂತಿತು. ಮತ್ತೆ ಬಂತು, ಈ ಸಲ ಒಂದೇ ಸಮನೆ, ಹುಚ್ಚು ಹಿಡಿದಂತೆ. ಈರೇಗೌಡ ನೆಲದ ಮೇಲೆ ಕೂತು ಬಾಯಿಗೆ ಟವೆಲ್ಲು ತುರುಕಿಕೊಂಡ, ತನ್ನ ಅಳು ಆ ಸದ್ದಿಗೆ ಅಡ್ಡವಾದೀತೆಂದು.

ಕ್ಯಾಂಟೀನಿನ ಅಡುಗೆಕೋಣೆ ಇದ್ದ ಜಾಗದಿಂದ ಇಳಿಜಾರಿನಲ್ಲಿ ಲಾರಿಯುದ್ದದಷ್ಟು ಕೆಳಕ್ಕೆ ಹೋಗಿ ಅಗೆಯಬೇಕು ಎಂದು ಲೆಕ್ಕ ಹೇಳಿತು. ಅಲ್ಲಿಯವರೆಗೆ ಎಲ್ಲರೂ ಅಂದಾಜು ಮಾಡಿದ್ದ ಜಾಗ ಬೇರೆಯೇ ಆಗಿತ್ತು. ಮಾರನೆಯ ದಿನ ಹೊತ್ತೇರುವಾಗ ನಾಗವೇಣಿಯನ್ನು ಹೊರಗೆ ತೆಗೆದರು. ಕಲ್ಲುಗೋಡೆಯ ಮೂಲೆಗೆ ಅಡ್ಡಲಾಗಿ ಒಂದು ತೊಲೆ ಬಿದ್ದು ಅದರ ಅಡಿಯಲ್ಲಿ ಅವಳಿಗೆ ಕೂರುವಷ್ಟು ಜಾಗ ಉಳಿದಿತ್ತು. ಎಡಗಾಲು ತೊಲೆಯ ಅಡಿಯಲ್ಲಿತ್ತು. ಆ ಕಾಲನ್ನು ಆಸ್ಪತ್ರೆಯಲ್ಲಿ ಮಂಡಿಯವರೆಗೆ ತೆಗೆಯಬೇಕಾಯಿತು. ಡ್ರೈವರುಗಳಿಬ್ಬರೂ ಹಿತ್ತಲಿನಲ್ಲಿ ಸಿಕ್ಕರು. ಬದುಕಿರಲಿಲ್ಲ.

ಸ್ಟ್ರೆಚರಿನ ಹಿಂದೆ ಎಲ್ಲರೂ ಓಡುತ್ತಿದ್ದಾಗ ಗ್ರೇಸಿ ದಿಣ್ಣೆಯ ಮೇಲಿದ್ದರು. ಸತ್ತ ಹುಳಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಕೆಲವನ್ನು ಸಂಗ್ರಹಾಲಯಕ್ಕೆಂದು ಇಟ್ಟುಕೊಂಡು, ಉಳಿದವನ್ನು ಅಲ್ಲೇ ಅಗೆದು ಮುಚ್ಚಿದರು. ಫರ್ಹಾನಾ ಬಂದು ಜೊತೆಗೆ ನಿಂತು ಗುದ್ದಲಿ ಹಿಡಿದಳು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಸುದ್ದಿ ಎಲ್ಲ ಕಡೆ ಹೋಗಿತ್ತು. ಮಣ್ಣಿನೊಳಗಿನ ಯಾವುದೇ ಜೀವದ ಸದ್ದು ಅಡ್ಡಬಂದರೆ ಅಡಗಿಸಲು ಎಲ್ಲ ಘಾಟಿಗಳ ನಿಗಾ ಕೇಂದ್ರಗಳಲ್ಲೂ ಸಲಾಕೆಗಳ ಕಟ್ಟೊಂದು ಇರಬೇಕೆಂದು ಇಲಾಖೆ ತೀರ್ಮಾನಿಸಿತು. ಬಳಸುವುದು ಹೇಗೆ ಎಂದು ಗ್ರೇಸಿ ಅವರೇ ತರಬೇತಿ ಕೊಡಬೇಕೆಂದು ಕೇಳಿದರು. ಅವರು ಹೋದರು. ಹೋದಲ್ಲೆಲ್ಲ ಮೊದಲ ದಿನ ಸಲಾಕೆ ಕಟ್ಟು ಬಿಚ್ಚಲು ಬಿಡುತ್ತಿರಲಿಲ್ಲ. ಹುಡುಗರಿಗೆ ಇಯರ್‌ಫೋನು ಕೊಟ್ಟು, ನಿಮ್ಮ ಗುಡ್ಡದೊಳಗೆ ಏನೇನು ಬದುಕಿದೆ ಎಂದು ಮೊದಲು ಕೇಳಿಸಿಕೊಳ್ಳಿ ಎನ್ನುತ್ತಿದ್ದರು. ಕೆಲವರು ಕೇಳಿಸಿಕೊಂಡರು. ಕೆಲವರು ಊಟದ ಬಿಡುವಿಗಾಗಿ ಕಾದರು.

ಕರಡಿಬಾರೆಯ ದಿಣ್ಣೆಗೆ ಅವರು ವಾರಕ್ಕೊಮ್ಮೆಯಾದರೂ ಕಿವಿಗೊಡುತ್ತಿದ್ದರು. ಆಳದಲ್ಲಿ ಯಾವುದಾದರೂ ಮೊಟ್ಟೆಚೀಲ ಉಳಿದಿದ್ದರೆ ಮುಂದಿನ ಮಳೆಗೆ ಮರಿಯಾಗಬೇಕು. ಮುಂದಿನ ಮಳೆ ಬಂತು. ನೀರು ಇಂಗುವ ಸದ್ದು ಬಂತು, ಬೇರು ನೀರೆಳೆಯುವ ಸದ್ದು ಬಂತು. ಅಷ್ಟೇ.

ಆ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ನಾಗವೇಣಿ ಹೊಸ ಕಾಲು ಹಾಕಿಕೊಂಡು, ಒಂದು ಕೈಯಲ್ಲಿ ಕೋಲು ಹಿಡಿದು, ನಿಗಾ ಕೇಂದ್ರದ ಮೆಟ್ಟಿಲು ಹತ್ತಿ ಬಂದಳು. ಮನೆಯಲ್ಲಿ ಇಷ್ಟು ದಿನ ಗೋಡೆಯಾಚೆ ಈಚೆ ಇದ್ದರೂ ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಅವಳು ಫರ್ಹಾನಾಳ ಪಕ್ಕದ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡಳು.

"ಮೇಡಂ, ಒಂದ್ ಮಾತು ಹೇಳ್ಬೇಕು. ಅವತ್ತಿಂದ ಹೇಳ್ಬೇಕು ಅಂತಾನೇ ಇದೀನಿ, ಬಾಯೇ ಬರ್ತಿಲ್ಲ. ನಮ್ಮತ್ತೆ ಎಲ್ಲಾ ಹೇಳಿದ್ರು. ನೀವು ನನ್ನಿಂದಾಗಿ ಏನ್ ಕಳ್ಕೊಂಡ್ರಿ ಅಂತ."

"ಅದೆಲ್ಲ ಎಂತದಕ್ಕೆ ಈಗ?"

"ಕೇಳಿ. ಅಲ್ಲಿ ಒಳಗೆ ಕಣ್ಣು ಬಿಟ್ರೂ ಒಂದೇ, ಮುಚ್ಚಿದ್ರೂ ಒಂದೇ. ನಾನು ಸತ್ತೋಗಿದೀನಿ ಅಂತಾನೇ ಅಂದ್ಕೊಂಡೆ. ಆಮೇಲೆ ಗೋಡೆ ಆಚೆಯಿಂದ ಒಂದು ಸದ್ದು ಬರ್ತಿತ್ತು. ನೀರು ಗೊಳಗೊಳ ಅಂತ ಆಡ್ದಂಗೆ. ಹತ್ರಕ್ಕೆ ಬರೋದು, ದೂರ ಹೋಗೋದು. ನೀರಲ್ಲ ಅಂತ ಗೊತ್ತಾಯ್ತು, ನೀರು ಹಂಗೆ ನಿಂತು ನಿಂತು ಹೋಗಲ್ಲ. ಯಾವುದೋ ಜೀವ ಓಡಾಡ್ತಾ ಅದೆ ಅನ್ಸ್ತು. ಓಹೋ, ಮೇಡಂ ಹುಳ ಅಂತ ನೆನಪಾಯ್ತು. ಅದ್ನ ಕೇಳ್ತಾ ಕೇಳ್ತಾ ನಂಗೆ ಹೆದ್ರಿಕೆ ಹೋಯ್ತು. ಒಂಚೂರು ಬಡಿಯೋದು, ಅದ್ನ ಕೇಳ್ತಾ ಕೂರೋದು. ಕೈ ಸೋತೋಯ್ತು. ಸಾಕು, ಮಲಕ್ಕೊಳಣ ಅಂತ ಶುಂಠಿ ಕುಟ್ಟೋ ಕಲ್ಲು ಕೆಳಗಿಟ್ಬಿಟ್ಟಿದ್ದೆ ಮೇಡಂ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಮೇಲೆ ಅದು ಒಂದೇ ಸಲಕ್ಕೆ ನಿಂತೋಯ್ತು. ಅಷ್ಟು ಹೊತ್ತೂ ಜೊತೇಲಿದ್ದಿದ್ದು ಇಲ್ಲ. ಅವಾಗ ನಂಗೆ ಎಂಥ ದಿಗಿಲಾಯ್ತು ಅಂದ್ರೆ, ಕತ್ಲಲ್ಲಿ ತಡಕಾಡಿ ಕಲ್ಲು ಹುಡುಕ್ದೆ. ಸಿಕ್ಕಿದ್ ಕೂಡ್ಲೇ ಬಡ್ದೆ. ಅವಕ್ಕೇನೋ ಆಗ್ಬಿಟ್ಟಿದೆ, ಯಾರಾದ್ರೂ ಬನ್ರಪ್ಪಾ ಅಂತ ಬಡ್ದೆ. ನನ್ ಸಲುವಾಗಿ ಬಡ್ದಿದ್ದಲ್ಲ ಅದು."

ಫರ್ಹಾನಾ ಪರದೆಯ ಕಡೆ ತಿರುಗಿ ಕೂತಳು.

ಗ್ರೇಸಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮಾರುಹುಳವನ್ನು ಇಪ್ಪತ್ತು ವರ್ಷ ಬಲ್ಲವರು ಅವರು. ಆದರೆ ಅದರ ಸದ್ದನ್ನು ತಂತಿಯ, ಗಾಜಿನ, ಯಂತ್ರದ ಮೂಲಕವಲ್ಲದೆ ಎಂದೂ ಕೇಳಿದವರಲ್ಲ. ಮಣ್ಣಿನೊಳಗೆ ಕೂತು ಬರಿಗಿವಿಯಿಂದ ಅದನ್ನು ಕೇಳಿದ ಒಂದೇ ಒಂದು ಜೀವ ಅವರ ಎದುರಿನ ಸ್ಟೂಲಿನ ಮೇಲಿತ್ತು.

ಅವರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಹತ್ತಿರ ಬರ್ತಿತ್ತು ಅಂದೆಯಲ್ಲ," ಎಂದರು. "ಎಷ್ಟು ಹತ್ತಿರ? ಹೇಗೆ ಬರ್ತಿತ್ತು? ನಿಧಾನಕ್ಕೆ ಹೇಳು ಮಗಾ. ಒಂದನ್ನೂ ಬಿಡಬೇಡ."